ಸುಳ್ಳು ಅಂತ ಬರೆಯುವ ಮೊದಲು

ಸೌದಿಯ ಥುಕ್ಬಾದಲ್ಲಿ ನಮ್ಮದೊಂದು ಗುಂಪಿತ್ತು. ಕೆಲಸದಲ್ಲಿ ತೊಂದರೆಯಾದ ಊರಿನವರು ಬಂದು ಕತೆ ಹೇಳ್ತಿದ್ರು. ನಿಜ ಅನ್ನಿಸಿದ್ರೆ ನಾವು ಎಂಬಸಿಗೆ ಪತ್ರ ಬರೀತಿದ್ದೆವು. ಪತ್ರ ಇದ್ದವನ ಕೇಸು ಬೇಗ ಮುಂದೆ ಹೋಗ್ತಿತ್ತು, ಇಲ್ಲದವ ಅಲೀತಾ ಇರ್ಬೇಕು.

ನಾನು ಎಸಿ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೌಂಟರಿನವ. ಕಾನೂನು ಓದಿದ್ದೆಲ್ಲ ಫೋನಿನಲ್ಲೇ. ಬೇರೆ ದೇಶಗಳಲ್ಲಿ ಜೀವಭಯದಿಂದ ಓಡಿ ಬಂದು ಆಶ್ರಯ ಕೇಳ್ತಾರಲ್ಲ, ಅವರನ್ನು ನಂಬುದೋ ಬೇಡವೋ ಅಂತ ಅಧಿಕಾರಿಗಳು ತೀರ್ಮಾನ ಮಾಡ್ತಾರೆ. ಅದರಲ್ಲಿ ಎಲ್ಲಿ ತಪ್ಪಾಯ್ತು ಅಂತ ಕೋರ್ಟು ಹೇಳ್ತದೆ. ಆ ತೀರ್ಪುಗಳು ನೆಟ್ಟಿನಲ್ಲಿ ಸಿಗ್ತವೆ. ಡಿಕ್ಷನರಿ ನೋಡ್ತಾ ನೋಡ್ತಾ ಓದಿದೆ. ನಾವು ಮಾಡುದೂ ಅದೇ ಅಲ್ವಾ ಅನ್ನಿಸ್ತು. ಶುಕ್ರವಾರ ಊಟ ಆದ ಮೇಲೆ ಗುಂಪಿನವರಿಗೆ ಪಾಠ ಶುರು ಮಾಡಿಯೇ ಬಿಟ್ಟೆ. ಮೊದಲು ಕೇಸು ಮಾತ್ರ ಹೇಳುದು, 'ನೀವಾದ್ರೆ ಎಂತ ಮಾಡ್ತಿದ್ರಿ?' ಅಂತ ಕೇಳುದು. ಕೋರ್ಟು ಎಂತ ಮಾಡ್ತು ಅಂತ ಆಮೇಲೆ.

ಗುಂಪಿನ ಹಿರಿಯರು ಒಬ್ಬ ಹಾಜಿಯವರು. "ನನಗೆ ಮುಖ ನೋಡಿದ್ರೆ ಗೊತ್ತಾಗ್ತದೆ ಮಾರಾಯ, ನಿನ್ನ ಕೋರ್ಟು ಎಂತಕ್ಕೆ?" ಅಂತಿದ್ರು. ಆದ್ರೂ ಮುಂದೆಯೇ ಬಂದು ಕೂರ್ತಿದ್ರು.

ಒಂದು ಶುಕ್ರವಾರದ ಕೇಸು: ಒಬ್ಬ ಎರಡು ಸಲ ಎರಡು ಥರ ಹೇಳಿದ. ಅಧಿಕಾರಿ ಸುಳ್ಳು ಅಂತ ಬರೆದ. ನಮ್ಮವರೂ ಅದನ್ನೇ ಹೇಳಿದ್ರು. ಕೋರ್ಟು ಒಪ್ಪಲಿಲ್ಲ. ಮಾತಿನಲ್ಲಿ ವ್ಯತ್ಯಾಸ ಕಂಡ್ರೆ ಮೊದಲು ಅವನನ್ನೇ ಕೇಳ್ಬೇಕು ಅಂತ ಅದರ ಅಭಿಪ್ರಾಯ.

ನನಗೆ ಆಗ ಬಂಟ್ವಾಳ ಕಡೆಯ ಒಬ್ಬ ಹುಡುಗನ ನೆನಪಾಯ್ತು. ಫರ್ನಿಚರ್ ಅಂಗಡಿಗೆ ಸೇಲ್ಸ್‌ಮ್ಯಾನ್ ಅಂತ ಬಂದು, ಕೆಲಸ ಬಿಟ್ಟು ಓಡಿದವ. ಅವನ ಕಫೀಲ್, ಅಂದ್ರೆ ವೀಸಾ ಕೊಟ್ಟ ಧಣಿ, ಓಡಿಹೋದ ಅಂತ ಕಂಪ್ಲೇಂಟ್ ಕೊಟ್ಟಾಗಿತ್ತು, ಪೊಲೀಸರ ಕೈಗೆ ಸಿಕ್ಕಿದ್ರೆ ಜೈಲು, ಆಮೇಲೆ ಗಡೀಪಾರು. ನಮ್ಮ ಹತ್ತಿರ ಮೊದಲು ಅಂಗಡಿ ಮುಚ್ಚಿತು ಅಂದ, ಆಮೇಲೆ ಮ್ಯಾನೇಜರನೊಟ್ಟಿಗೆ ಜಗಳ ಅಂದ. ಅವನ ವಿಷಯ ತೆಗೆದೆ.

"ಅವನಿಗೆ ಪತ್ರ ಇಲ್ಲ," ಅಂದ್ರು ಹಾಜಿಯವರು.

"ಯಾಕೆ ಎರಡು ಥರ ಹೇಳಿದೆ ಅಂತ ಕೇಳಿದ್ರಾ?"

"ಕೇಳ್ಲಿಕ್ಕೆ ಎಂತ ಉಂಟು? ಅವನ ಊರಿನವನನ್ನೇ ಪಕ್ಕದಲ್ಲಿ ಕೂರಿಸಿದ್ದೆ."

ಅದು ನಮ್ಮ ಪದ್ಧತಿ. ಊರಿನವ ಎದುರಿದ್ರೆ ಯಾರೂ ಸುಳ್ಳು ಹೇಳುದಿಲ್ಲ ಅಂತ ನಂಬಿಕೆ.

"ಇನ್ನೊಮ್ಮೆ ಕರೆಸುವ. ಊರಿನವರು ಹೊರಗೆ ಕೂರ್ಲಿ," ಅಂದೆ. ಹಾಜಿಯವರಿಗೆ ಸಿಟ್ಟು ಬಂತು. ನಾನು ಬಿಡಲಿಲ್ಲ.

ಮರುವಾರ ಹುಡುಗ ಬಂದ. ಬಾಗಿಲು ಹಾಕಿ ಹಾಜಿಯವರೇ ಕೇಳಿದ್ರು, "ಯಾಕೆ ಮಗಾ ಎರಡು ಥರ?"

ಅವನು ಬಾಗಿಲು ಸರಿ ಹಾಕಿದೆಯಾ ಅಂತ ತಿರುಗಿ ನೋಡಿದ.

"ಅಂಗಡಿ ಕೆಲಸ ಕೊಡ್ಲೇ ಇಲ್ಲ ಹಾಜಿಯವರೇ. ಲೇಬರ್ ಕ್ಯಾಂಪಿನ ಕಕ್ಕಸು ತೊಳಿಲಿಕ್ಕೆ ಹಾಕಿದ್ರು. ಊರಲ್ಲಿ ನನ್ನ ಮದುವೆ ನಿಶ್ಚಯ ಆಗಿದೆ. ಊರಿನವರೆದುರು ಹೇಳಿದ್ರೆ ಹುಡುಗಿ ಮನೆಗೆ ಮುಟ್ಟುದಿಲ್ವಾ?"

ಅವನ ಫೋನಿನಲ್ಲಿ ಕಾಂಟ್ರ್ಯಾಕ್ಟಿನ ಫೋಟೋ ಇತ್ತು. ಸೇಲ್ಸ್‌ಮ್ಯಾನ್ ಅಂತಲೇ ಇತ್ತು. ಒಪ್ಪಿದ ಕೆಲಸ ಬೇರೆ, ಮಾಡಿಸಿದ ಕೆಲಸ ಬೇರೆ. ಒಳ್ಳೆ ಕೇಸು.

"ಬರಿ," ಅಂದ್ರು ಹಾಜಿಯವರು ನನಗೆ. "ಯಾಕೆ ನಂಬಿದೆವು ಅಂತಲೂ ಬರಿ."

ಪತ್ರಕ್ಕೆ ಸಹಿ ಹಾಕಿ ಬಾಗಿಲು ತೆಗೆದ್ರೆ ಊರಿನವ ಅಲ್ಲೇ ನಿಂತಿದ್ದ.

"ಎಂತ ಹೇಳಿದ?"

"ಮ್ಯಾನೇಜರನೊಟ್ಟಿಗೆ ಜಗಳ ಅಂತೆ," ಅಂದ್ರು ಹಾಜಿಯವರು, ಚಪ್ಪಲಿ ಹಾಕ್ತಾ.