ರೊಟ್ಟಿ ಗಾಡಿಯ ಹೊಗೆ ಯಾವ ಕಡೆಗೆ

ನಮ್ಮ ಮನೆಯಲ್ಲಿ ಯಾವ ನಿರ್ಧಾರವೂ ಬಾಯಿಮಾತಿನಲ್ಲಿ ಆಗುವುದಿಲ್ಲ. ಇಡೀ ನೌಕರಿಯನ್ನು ಸರಕಾರಿ ಕಚೇರಿಯ ಕಡತಗಳ ನಡುವೆ ಕಳೆದ ಅಪ್ಪ, ನಿವೃತ್ತರಾದ ಮೇಲೂ ಆ ಪದ್ಧತಿಯನ್ನು ಬಿಟ್ಟುಕೊಡಲಿಲ್ಲ. ಫ್ರಿಜ್ ಎಲ್ಲಿಡಬೇಕು, ತುಳಸಿಕಟ್ಟೆಗೆ ಯಾವ ಬಣ್ಣ ಬಳಿಯಬೇಕು, ನಾನು ವಿಶ್ವವಿದ್ಯಾಲಯದಲ್ಲಿ ಯಾವ ವಿಷಯ ಓದಬೇಕು, ಎಲ್ಲಕ್ಕೂ ಒಂದೊಂದು ಕಡತ. ಕೆಂಪು ಲಾಡಿ ಬಿಚ್ಚಿ, ಮನೆಯ ಪ್ರತಿಯೊಬ್ಬರೂ ತಮ್ಮ ಟಿಪ್ಪಣಿ ಬರೆದು ಸಹಿ ಹಾಕಬೇಕು. ಕೊನೆಯಲ್ಲಿ ಅಪ್ಪನ ಹಸಿರು ಶಾಯಿಯ ‘ಅನುಮೋದಿಸಲಾಗಿದೆ’. ಯಾರಿಗೂ ಉತ್ತರ ಹೇಳದ ಈ ದೇಶದಲ್ಲಿ, ಪ್ರತಿ ತಪ್ಪಿನ ಕೆಳಗೂ ಒಂದು ಸಹಿ ಇರುವ ಏಕೈಕ ಸಂಸ್ಥೆ ನಮ್ಮ ಮನೆಯೆಂದು ನಾನು ಬಹಳ ಕಾಲ ಹೆಮ್ಮೆಪಟ್ಟಿದ್ದೆ.

ಆ ಹೆಮ್ಮೆಗೆ ಹೊಗೆ ಹತ್ತಿದ್ದು ಕಾಕಾನ ಪಿಕಪ್ಪಿನಿಂದ.

ಅವ್ವ ದಿಲ್‌ಸುಖ್‌ನಗರದ ನಮ್ಮ ಮನೆಯಲ್ಲಿ ಜೋಳದ ಖಡಕ್ ರೊಟ್ಟಿ ಬಡಿಯುತ್ತಾಳೆ. ಅಮೀರ್‌ಪೇಟೆಯ ಹಾಸ್ಟೆಲುಗಳಲ್ಲಿ ಕೋಚಿಂಗಿಗೆಂದು ಬಂದು ಕುಳಿತ ಕಲಬುರಗಿ, ರಾಯಚೂರು, ವಿಜಯಪುರದ ಮಕ್ಕಳು ಅದನ್ನು ತಿನ್ನುತ್ತಾರೆ. ಬಟ್ಟೆಯಲ್ಲಿ ಕಟ್ಟಿದ ರೊಟ್ಟಿಯ ಗಂಟುಗಳನ್ನು ದಿನವೂ ಬೆಳಿಗ್ಗೆ ಒಯ್ಯುವವನು ಅಪ್ಪನ ತಮ್ಮ, ನಮ್ಮ ಕಾಕಾ. ಅವನ ಗಾಡಿಯ ಸೈಲೆನ್ಸರ್ ತುಕ್ಕು ಹಿಡಿದು ತೂತಾಯಿತು. ಹೊಗೆ ಗಾಡಿಯ ತಳದಲ್ಲೇ ತುಂಬಿಕೊಂಡು, ಗಂಟುಗಳನ್ನು ಇಡುವ ತೊಟ್ಟಿಯ ಹಲಗೆಗಳ ಸಂದುಗಳಿಂದ ಮೇಲೆ ಏಳತೊಡಗಿತು. ಖಡಕ್ ರೊಟ್ಟಿಯ ಸ್ವಭಾವವೇ ಹಾಗೆ: ತನ್ನ ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆಯನ್ನು ಹೀರಿಕೊಳ್ಳುತ್ತದೆ. ಅತಿ ಹೆಚ್ಚು ರೊಟ್ಟಿ ಕೊಳ್ಳುತ್ತಿದ್ದ ಹಾಸ್ಟೆಲಿನ ವಾರ್ಡನ್ ಅಮ್ಮ ಫೋನು ಮಾಡಿ, ಇನ್ನೊಮ್ಮೆ ಡೀಸೆಲ್ ವಾಸನೆ ಬಂದರೆ ರೊಟ್ಟಿಯೇ ಬೇಡ ಎಂದು ತೆಲುಗಿನಲ್ಲಿ ಖಡಾಖಂಡಿತವಾಗಿ ಹೇಳಿದರು.

ಅವ್ವ ಫೋನು ಕೆಳಗಿಟ್ಟಳು. ಆಮೇಲೆ ಕಾಕಾನನ್ನು ನೋಡಿ ಹೇಳಿದಳು: “ಇಷ್ಟು ವರ್ಷದಾಗ ನನ್ನ ರೊಟ್ಟಿಗಿ ಒಬ್ಬರೂ ಹೆಸರ ಇಟ್ಟಿಲ್ಲ. ಹಿಟ್ಟಿಗಿ ಉಪ್ಪ ಸೈತ ಹಾಕಾಂಗಿಲ್ಲ ನಾ, ಡೀಸೆಲ್ ಹಾಕ್ತೀನೇನಪಾ?”

ಕಾಕಾ ಗಾಡಿಯನ್ನು ಬಡಾವಣೆಯ ಹಿಂದಿನ ರಿಪೇರಿ ಶೆಡ್ಡಿಗೆ ಒಯ್ದ. ನಾನೂ ಜೊತೆಗೆ ಹೋದೆ. ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಮೆಕ್ಯಾನಿಕ್ ಉಸ್ತಾದ್ ಹೊರಗೆ ತಲೆ ಹಾಕಿ ಅಂದ: “ಕಂಪನಿ ಕಾ ಅಬ್ ನಕ್ಕೋ ಪೂಛೋ ಭಾಯ್, ಬಾಹರ್ ಕಾ ಡಾಲ್ತೂಂ. ಧುವಾಂ ಕಿಧರ್ ಛೋಡ್ನಾ, ತುಮೀಚ್ ಬೋಲೋ.” ಕಂಪನಿಯ ಸೈಲೆನ್ಸರನ್ನು ಈಗ ಕೇಳಲೇಬೇಡಿ, ಹೊರಗಿನದನ್ನು ಹಾಕುತ್ತೇನೆ, ಹೊಗೆ ಯಾವ ಕಡೆ ಬಿಡಬೇಕೋ ನೀವೇ ಹೇಳಿ ಎಂದರ್ಥ. ಎಲ್ಲಿ ಬಿಟ್ಟರೂ ಕೊಳವೆಯ ತುದಿ ಮಾತ್ರ ತೊಟ್ಟಿಯ ಅಂಚನ್ನು ದಾಟಿರಬೇಕು, ಇಲ್ಲವಾದರೆ ಹೊಗೆ ಮತ್ತೆ ತಳಕ್ಕೇ ಸೇರುತ್ತದೆ ಎಂದೂ ಎಚ್ಚರಿಸಿದ.

“ಮ್ಯಾಲ ಬಿಡೋಣ,” ಕಾಕಾನ ಕಣ್ಣು ಹೊಳೆದವು. “ಕ್ಯಾಬಿನ್ನಿನ ಹಿಂದ ಎರಡು ಪೈಪ್, ಪೈಲ್ವಾನನ ಮೀಸಿ ಹಂಗ!”

“ಮಳಿ ಬಂದ್ರ ಮೀಸಿ ತೋಯ್ತದ ಕಾಕಾ. ಮಸಿ ಎಲ್ಲಾ ರೊಟ್ಟಿ ಮ್ಯಾಲ ಬೀಳ್ತದ,” ಎಂದೆ.

“ಎಮ್ಮೆ ಓದಿದವರ ಜೋಡಿ ಗ್ಯಾರೇಜಿಗಿ ಬರಬಾರದು,” ಎಂದು ಕಾಕಾ, ನನ್ನ ಎಂ.ಎ.ಯನ್ನು ಎಂದಿನಂತೆ ಎಮ್ಮೆ ಮಾಡಿ, ಉಸ್ತಾದನಿಗೆ ದೂರಿದ.

ಗಾಡಿ ಶೆಡ್ಡಿನಲ್ಲೇ ಉಳಿಯಿತು, ರೊಟ್ಟಿ ಆಟೋದಲ್ಲಿ ಹೋಯಿತು, ಮತ್ತು ಮನೆಯಲ್ಲಿ ಹೊಸ ಕಡತ ತೆರೆಯಿತು. ವಿಷಯ: ‘ಪಿಕಪ್ ವಾಹನದ ಧೂಮ ನಿರ್ಗಮನದ ದಿಕ್ಕು’.

ಈ ವಿಷಯದಲ್ಲಿ ನನಗೆ ಹಳೆಯ ದ್ವೇಷವಿತ್ತು. ಓದುವ ದಿನಗಳಲ್ಲಿ ಬಸ್ಸಿಗಾಗಿ ರಸ್ತೆಯ ಅಂಚಿನಲ್ಲಿ ನಿಂತಾಗಲೆಲ್ಲ, ಎಡಬದಿಯಲ್ಲಿ ಕೊಳವೆಯಿದ್ದ ಗಾಡಿಗಳು ನನ್ನ ಬಿಳಿಯ ಕುರ್ತಾದ ಮೇಲೆ ತಮ್ಮ ರುಜು ಹಾಕಿ ಹೋಗುತ್ತಿದ್ದವು. ನಡೆಯುವವರ ಮೂಗಿನ ಕಡೆಗೇ ಹೊಗೆ ಬಿಡಬಹುದೆಂದು ತೀರ್ಮಾನಿಸಿದವರು ಯಾರು ಎಂದು ಕೇಳಿ ಸಂಬಂಧಪಟ್ಟ ಕಚೇರಿಗೆ ಮೂರು ಪತ್ರ ಬರೆದಿದ್ದೆ. ಮೂರಕ್ಕೂ ಸೇರಿ ಬಂದದ್ದು ಒಂದೇ ಉತ್ತರ: ನಿಮ್ಮ ಪತ್ರವನ್ನು ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ. ಈಗ ಮೊದಲ ಬಾರಿಗೆ ಒಂದು ಕೊಳವೆಯ ಭವಿಷ್ಯ ನನ್ನ ಕೈಯಲ್ಲಿತ್ತು. ಅದನ್ನು ವ್ಯರ್ಥ ಮಾಡುವವಳು ನಾನಲ್ಲ.

ಹಿಂದಕ್ಕೆ ಬಿಡುವಂತಿರಲಿಲ್ಲ. ಗಾಡಿಯ ಹಿಂಬದಿ ನಮ್ಮ ಪಡಸಾಲೆಯ ಮೆಟ್ಟಿಲಿಗೆ ತಾಗಿ ನಿಲ್ಲುತ್ತಿತ್ತು. ಗಂಟುಗಳನ್ನು ಏರಿಸುವಷ್ಟು ಹೊತ್ತೂ ಕಾಕಾ ಎಂಜಿನನ್ನು ನಡೆಸಿಯೇ ಇಡುತ್ತಿದ್ದ. ಎಡಕ್ಕೆ ಬಿಟ್ಟರೆ ಹಾಸ್ಟೆಲಿನ ಬಾಗಿಲಲ್ಲಿ ನಿಂತ ಮಕ್ಕಳಿಗೆ ಹೊಗೆ. ಆದ್ದರಿಂದ ನಾನು ಬಲಬದಿಗೆ, ಅದೂ ಚಾಲಕನ ಬಾಗಿಲಿನ ಬೆನ್ನಿಗೇ ಬಿಡಬೇಕೆಂದು ಒಂದೂವರೆ ಪುಟದ ಟಿಪ್ಪಣಿ ಬರೆದೆ. ಅದರ ಕೊನೆಯ ವಾಕ್ಯ ಹೀಗಿತ್ತು: ‘ಹೊಗೆಯನ್ನು ಉಂಟುಮಾಡುವವರೂ ಅದರ ದಿಕ್ಕನ್ನು ನಿರ್ಧರಿಸುವವರೂ ಅದನ್ನು ಎಲ್ಲರಿಗಿಂತ ಮೊದಲು ಸೇವಿಸತಕ್ಕದ್ದು. ಈ ಸಲಹೆಯ ಸಂಪೂರ್ಣ ಹೊಣೆ ನನ್ನದು.’

ಕಾಕಾ ಅದನ್ನು ಗಟ್ಟಿಯಾಗಿ ಓದಿದ. “ಅಂದ್ರ ನನ್ನ ಹೊಗಿ ನಾನ ಕುಡೀಬೇಕು?”

“ಹೌದು. ಆಗಾದ್ರೂ ಗಾಡಿ ಸರಿಯಾಗಿ ಇಟ್ಕೋತೀರಿ.”

“ಅಣ್ಣಾ, ಈಕಿಗಿ ನೀ ಕಲಿಸಬಾರದಿತ್ತು,” ಎಂದ ಕಾಕಾ. ಆದರೂ ಸಹಿ ಹಾಕಿದ.

ಅಪ್ಪ ಅಷ್ಟಕ್ಕೇ ತೃಪ್ತರಾಗಲಿಲ್ಲ. ನಕ್ಷೆಯಿಲ್ಲದ ಕಡತ ಅವರ ಪಾಲಿಗೆ ಉಪ್ಪಿನಕಾಯಿಯಿಲ್ಲದ ಊಟ. ಅಂಗಳಕ್ಕೆ ಕಲ್ಲು ಹಾಸಿದಾಗಿನ ಹಳೆಯ ಕಡತವನ್ನು ಅಟ್ಟದಿಂದ ಇಳಿಸಿ, ಅದರಲ್ಲಿದ್ದ ನಕ್ಷೆಯ ಮೇಲೆ ತೆಳುಕಾಗದ ಇಟ್ಟು ನಕಲು ಮಾಡಿದರು. ಗೇಟಿನಿಂದ ಒಳಬಂದರೆ ಬಲಕ್ಕೆ ಕಾಂಪೌಂಡ್ ಗೋಡೆ, ಎಡಕ್ಕೆ ಮನೆ, ನಡುವೆ ಇಕ್ಕಟ್ಟಾದ ದಾರಿ. ಹಳೆಯ ನಕ್ಷೆಯಲ್ಲಿ ಅವರ ಸ್ಕೂಟರ್ ಮೂತಿ ಒಳಗೆ ಮಾಡಿ ನಿಂತಿತ್ತು. ಅದೇ ಜಾಗದಲ್ಲಿ, ಅದೇ ಮುಖದಲ್ಲಿ, ಪಿಕಪ್ಪನ್ನು ಕೆಂಪು ಪೆನ್ಸಿಲಿನಿಂದ ಬರೆದರು. ಬಲಬದಿಯಿಂದ ಹೊರಟ ಬಾಣ ನೇರವಾಗಿ ಬೋಳು ಗೋಡೆಗೆ ತಾಗಿತು.

“ನೋಡ್ರಿ, ಯಾರಿಗೂ ತ್ರಾಸಿಲ್ಲ. ರೊಟ್ಟಿಗೂ ಇಲ್ಲ,” ಎಂದರು.

ಒಲೆಯ ಮುಂದಿದ್ದ ಅವ್ವ ಕತ್ತು ಚಾಚಿ ನಕ್ಷೆ ನೋಡಿದಳು. “ಅಲ್ಲರಿ, ಗಾಡಿ ನಿಂದ್ರೂದು…”

“ಏನಿದ್ರೂ ಟಿಪ್ಪಣಿ ಬರದು ಕೊಡು,” ಎಂದರು ಅಪ್ಪ.

ಅವ್ವನ ಎರಡೂ ಕೈಗೆ ಹಿಟ್ಟು ಮೆತ್ತಿತ್ತು. ಅವಳು ರೊಟ್ಟಿ ತಿರುವಿ ಹಾಕಿದಳು. ನಾನು ಆಗ ನನ್ನ ಒಂದೂವರೆ ಪುಟವನ್ನು ಎರಡನೆಯ ಸಲ ಓದಿ ಆನಂದಿಸುತ್ತಿದ್ದೆ.

ಉಸ್ತಾದ್ ಚಂದದ ಕೆಲಸ ಮಾಡಿದ. ಹೊಸ ಕೊಳವೆ ಚಾಲಕನ ಬಾಗಿಲಿನ ಹಿಂದೆ, ತೊಟ್ಟಿಯ ಅಂಚನ್ನು ಎರಡು ಬೆರಳಿನಷ್ಟು ದಾಟಿ ಹೊರಗೆ ಇಣುಕುತ್ತಿತ್ತು. ಮರುದಿನ ಬೆಳಿಗ್ಗೆ ನಾನು ನನ್ನ ಕೋಣೆಯ ಕಿಟಕಿ ತೆರೆದು, ಜವಾಬ್ದಾರಿಯ ಬಗ್ಗೆಯೇ ಒಂದು ಲೇಖನ ಬರೆಯುತ್ತ ಕುಳಿತಿದ್ದೆ. ಕಾಕಾ ಎಂದಿನಂತೆ ಗಾಡಿಯನ್ನು ಹಿಮ್ಮುಖವಾಗಿ ಗೇಟಿನೊಳಗೆ ತಂದ. ಎಂದಿನಂತೆ! ಹಿಂಬದಿ ಮೆಟ್ಟಿಲಿಗೆ ತಾಗಬೇಕಾದರೆ ಮೂತಿ ರಸ್ತೆಯ ಕಡೆಗೇ ಇರಬೇಕಲ್ಲವೇ? ಮೂತಿ ರಸ್ತೆಗೆ ತಿರುಗಿದ ಗಾಡಿಯ ಬಲಬದಿ ಗೋಡೆಯ ಕಡೆ ಇರಲಿಲ್ಲ. ಮನೆಯ ಕಡೆ ಇತ್ತು. ಮನೆಯ ಆ ಬದಿಯಲ್ಲಿ ಇದ್ದದ್ದು ಒಂದೇ ಕಿಟಕಿ. ಅದರ ಹಿಂದೆ ನಾನಿದ್ದೆ.

ದಿನವೂ ಹಿಮ್ಮುಖವಾಗಿ ಬರುವ ಗಾಡಿಯನ್ನು ನಾವೆಲ್ಲರೂ ವರ್ಷಗಟ್ಟಲೆ ಕಣ್ಣಾರೆ ಕಂಡಿದ್ದೆವು. ಗಾಡಿ ಶೆಡ್ಡಿನಲ್ಲಿದ್ದ ನಾಲ್ಕೇ ದಿನಗಳಲ್ಲಿ ಕಂಡದ್ದನ್ನು ಮರೆತು ಕಾಗದವನ್ನು ನಂಬಿದ್ದೆವು.

ಲೇಖನದ ಮೊದಲ ಪುಟ ಕಪ್ಪಾಗುವ ಹೊತ್ತಿಗೆ ನಾನು ಕೆಮ್ಮುತ್ತ ಅಂಗಳಕ್ಕೆ ನುಗ್ಗಿದ್ದೆ. “ಇದಕ್ಕ ಯಾರು ಹೊಣೆ? ನನಗ ಈಗಿಂದೀಗ ಉತ್ತರ ಬೇಕು!”

ಅಪ್ಪ ಒಳಗೆ ಹೋದರು. ಲಾಡಿ ಬಿಚ್ಚುವ ಸದ್ದು ಕೇಳಿತು. ಕಡತವನ್ನು ನನ್ನ ಟಿಪ್ಪಣಿಯ ಕೊನೆಯ ವಾಕ್ಯಕ್ಕೆ ತೆರೆದು, ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಚಾಚಿದರು.

ಕಾಕಾ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. “ದಿಕ್ಕು ನಿರ್ಧಾರ ಮಾಡಿದವರು ಮೊದಲ ಕುಡೀಬೇಕಂತ! ಕುಡೀರಿ ಮೇಡಮ್ಮಾರ, ಬಿಸಿ ಐತಿ!”

“ನಾ ಅವತ್ತ ಹೇಳಾಕ ಹೋದೆ,” ಎಂದಳು ಅವ್ವ, ಗಂಟು ಏರಿಸುತ್ತ. “ಬರದು ಕೊಡು ಅಂದ್ರಿ. ಕೈಯಾಗ ಹಿಟ್ಟಿತ್ತು. ಮತ್ತ ನನ್ನ ರೊಟ್ಟಿಗೇನ ಹೊಗಿ ಹತ್ತೂದಿರಲಿಲ್ಲ. ಸುಮ್ಮಕಾದೆ.”

ಆ ಮಾತು ಹೊಗೆಗಿಂತ ಹೆಚ್ಚು ತಟ್ಟಿತು. ಕಚೇರಿಗಳು ನನಗೆ ಮಾಡಿದ್ದನ್ನೇ ನಾನು ಅವ್ವನಿಗೆ ಮಾಡಿದ್ದೆ. ರೊಟ್ಟಿ ಯಾರದೋ ಅವರ ಮಾತನ್ನು ಬಿಟ್ಟು ಉಳಿದೆಲ್ಲರ ಸಹಿಯನ್ನೂ ಪಡೆದಿದ್ದೆವು.

ಅಂದು ಸಂಜೆ ವಾರ್ಡನ್ ಅಮ್ಮನ ಫೋನು ಬಂತು. ಅವ್ವ ಸ್ಪೀಕರ್ ಹಾಕಿ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ನಾವೆಲ್ಲ ಒಲೆಯ ಸುತ್ತ ಸೇರಿದೆವು. “ವಾಸನ ಲೇದಮ್ಮಾ, ಬಾಗುನ್ನಾಯಿ,” ಎಂದಿತು ಆ ಕಡೆಯ ದನಿ. ವಾಸನೆಯಿಲ್ಲ, ಚೆನ್ನಾಗಿವೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಮೂಗಿನ ತುದಿಗೆ ಹಿಟ್ಟು ಹತ್ತಿತು. ಕೊಳವೆಯನ್ನು ಬೇರೆಡೆಗೆ ಸರಿಸುವ ಮಾತು ಅಲ್ಲಿಗೇ ಮುಗಿಯಿತು.

ಆದರೆ ನಾನು ಸುಮ್ಮನಾಗುವವಳಲ್ಲ. ಈ ಸಲ ಕಡತ ಹಿಡಿದು ಒಲೆಯ ಮುಂದೆ ಕುಳಿತೆ. “ಅವ್ವಾ, ನೀ ಹೇಳು, ನಾ ಬರೀತೀನಿ.”

ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: “ಹೊಗಿ ಎಲ್ಲಿ ಬಿಡೂಣಂತ ಎಲ್ಲಾರೂ ಕೇಳಿದ್ರಿ. ನಿಂತ ಗಾಡಿ ಯಾಕ ಹೊಗಿ ಬಿಡಬೇಕಂತ ಒಬ್ಬರೂ ಕೇಳಲಿಲ್ಲ.”

ಎಲ್ಲರೂ ಕಾಕಾನ ಕಡೆ ತಿರುಗಿದೆವು. ಅವನು ತನ್ನ ಚಪ್ಪಲಿಯನ್ನು ನೋಡಿಕೊಂಡ. “ಸ್ಟಾರ್ಟರ್ ಸ್ವಲ್ಪ ಕೈ ಕೊಟ್ಟೈತಿ. ಬಂದ್ ಮಾಡಿದ್ರ ಮತ್ತ ಚಾಲೂ ಆಗಂಗಿಲ್ಲ. ನೂಕಬೇಕು.”

ಗಂಟು ಏರಿಸುವಾಗ ಎಂಜಿನ್ ಬಂದ್ ಇರತಕ್ಕದ್ದು ಎಂದು ಅವ್ವನ ಹೆಸರಿನಲ್ಲಿ ಬರೆದೆ. ಅವಳು ಹಿಟ್ಟಿನ ಹೆಬ್ಬೆಟ್ಟು ಒತ್ತಿದಳು. ಅಪ್ಪ ಕನ್ನಡಕ ಏರಿಸಿ, ಅದರ ಕೆಳಗೆ ಹಸಿರು ಶಾಯಿಯಲ್ಲಿ ಬರೆದರು: ‘ಅನುಮೋದಿಸಲಾಗಿದೆ. ಸ್ಟಾರ್ಟರ್ ದುರಸ್ತಿಯ ವಿಷಯ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ವಾಹನವನ್ನು ನೂಕುವ ಹೊಣೆ, ಸಂಪೂರ್ಣ ಹೊಣೆ ಹೊತ್ತವರದೇ.’

ಹೀಗಾಗಿ ಈಗ ದಿನವೂ ಬೆಳಿಗ್ಗೆ, ಎಂ.ಎ. ಪದವೀಧರೆಯೊಬ್ಬಳು ದಿಲ್‌ಸುಖ್‌ನಗರದ ಗಲ್ಲಿಯ ಇಳಿಜಾರಿನಲ್ಲಿ ರೊಟ್ಟಿ ತುಂಬಿದ ಪಿಕಪ್ಪನ್ನು ಹಿಂದಿನಿಂದ ನೂಕುತ್ತಾಳೆ. ಗಾಡಿ ಎರಡು ಸಲ ಕೆಮ್ಮಿ ಚಾಲೂ ಆಗುವಾಗ ಮೊದಲ ಕಪ್ಪು ಹೊಗೆ ಬಲಬದಿಯಿಂದ ಚಿಮ್ಮಿ, ಕಿಟಕಿಯಲ್ಲಿ ಇಟ್ಟ ಕಾಕಾನ ಮೊಣಕೈಯನ್ನು ಸವರಿಕೊಂಡು ಹೋಗುತ್ತದೆ. ಅವನು ಬೈಯುತ್ತಾನೆ. ಹಿಂದೆ ನಿಂತ ನನ್ನ ಮೂಗಿಗೆ ಗಂಟಿನೊಳಗಿನ ಜೋಳದ ವಾಸನೆಯಷ್ಟೇ ಬರುತ್ತದೆ.