ಲೈನ್ ಕ್ಲಿಯರ್ ಅಂದರೆ ತಂತಿ ಇಲ್ಲ ಅಂತಲ್ಲ

ನಿವೃತ್ತಳಾಗುವ ಹಿಂದಿನ ವರ್ಷ ನಾನು ಶಿರಹಟ್ಟಿಯಲ್ಲಿ ವಿದ್ಯುತ್ ಸೆಕ್ಷನ್ ಆಫೀಸರ್ ಆಗಿದ್ದೆ. ಪಕ್ಕದ ಲಕ್ಷ್ಮೇಶ್ವರಕ್ಕೆ ವೀರೇಶ ಇದ್ದ. ನನಗಿಂತ ಬಹಳ ಚಿಕ್ಕವನು, ನನ್ನ ಕೈಕೆಳಗೇ ಕೆಲಸ ಕಲಿತವನು. ಆದರೆ ಎಲ್ಲಿ ಹೋದರೂ ಜನ ಮೊದಲು ಅವನಿಗೇ ಕುರ್ಚಿ ಹಾಕುತ್ತಿದ್ದರು. ಅವನ ಸೆಕ್ಷನ್ನಿನ ಅಡರಕಟ್ಟಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅವನಿಗೆ ಗಿರಮಿಟ್ಟು, ಮಿರ್ಚಿ; ನನ್ನ ಸೆಕ್ಷನ್ನಿನಲ್ಲಿ ಸುಟ್ಟರೆ ನನಗೆ ಬೈಗುಳ. ಹೊಟ್ಟೆಕಿಚ್ಚು ಇತ್ತೇ ಎಂದು ಕೇಳಿದರೆ, ಇತ್ತು. ಸಾಕಷ್ಟಿತ್ತು.

ಆ ವರ್ಷ ನೆಲದಡಿಯ ನೀರು ಹುಡುಕುವ ಹೆಲಿಕಾಪ್ಟರ್ ಸಮೀಕ್ಷೆ ನಮ್ಮ ಕಡೆ ಬಂತು. ಹೆಲಿಕಾಪ್ಟರಿನ ಕೆಳಗೆ ಹಗ್ಗಕ್ಕೆ ದೊಡ್ಡ ಬಳೆಯಂಥ ಯಂತ್ರ ತೂಗುತ್ತಿತ್ತು. ಅದು ನೆಲದ ಹತ್ತಿರವೇ ಸಾಗಬೇಕಾದ್ದರಿಂದ ಹೆಲಿಕಾಪ್ಟರ್ ತೀರ ತಗ್ಗಿನಲ್ಲಿ ಹಾರಬೇಕು. ಕರೆಂಟ್ ಹರಿಯುವ ತಂತಿ ಸಮೀಪವಿದ್ದರೆ ಯಂತ್ರದ ಲೆಕ್ಕ ಕೆಡುತ್ತದೆ. ಹಾಗಾಗಿ ಅದು ಹಾದುಹೋಗುವ ಹೊತ್ತಿಗೆ ಲೈನ್ ಬಂದ್ ಮಾಡಿಕೊಡುವುದು ನಮ್ಮ ಕೆಲಸ. ಜೊತೆಗೆ, ತಂತಿ ತೋರಿಸಲು ಇಲ್ಲಿಯ ಎಂಜಿನಿಯರ್ ಒಬ್ಬರಿಗೆ ಒಳಗೆ ಸೀಟು.

ಮೊದಲ ದಿನದ ಹಾದಿ ನನ್ನ ಸೆಕ್ಷನ್ನಿನ ಗುಡ್ಡಸಾಲು. ಅಲ್ಲಿ ಎರಡು ದಿಬ್ಬಗಳ ನಡುವಿನ ಕಣಿವೆಯ ಮೇಲೆ ೩೩ ಕೆವಿ ಲೈನ್ ದಾಟುತ್ತದೆ. ಮುಂದೆ ನಿಂತು ಆ ತಂತಿ ಎಳೆಸಿದವಳು ನಾನು. ಸೀಟು ನನ್ನದೇ ಎಂದುಕೊಂಡು ಹಿಂದಿನ ದಿನವೇ ಮನೆಯಲ್ಲೆಲ್ಲ ಹೇಳಿಬಿಟ್ಟಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

“ನಿಮಗ್ಯಾಕ್ರಿ ಮೇಡಂ ಈ ಉಸಾಬರಿ? ಮ್ಯಾಲ ಹೋದ್ರ ತಲಿ ತಿರಗತೈತಿ. ವೀರೇಶ ಹೋಗಿ ಬರ್ಲಿ ತಗೋರಿ,” ಎಂದರು ನಮ್ಮ ಸಾಹೇಬರು.

ವೀರೇಶ ಕಪ್ಪು ಕನ್ನಡಕ ಹಾಕಿಕೊಂಡು ಹತ್ತಿದ. ನಾನು ಕಣಿವೆಯ ಬಾಯಲ್ಲಿ, ಸಮೀಕ್ಷಾ ತಂಡದ ಸಂಪರ್ಕಾಧಿಕಾರಿಯ ಪಕ್ಕ ಬಿಸಿಲಿನಲ್ಲಿ ನಿಂತೆ. ಹೆಲಿಕಾಪ್ಟರಿನೊಂದಿಗೆ ಮಾತಾಡುವ ವೈರ್‌ಲೆಸ್ ಅವರ ಕೈಯಲ್ಲಿತ್ತು. ಮೇಲೆ ಹೋದವನಿಗೆ ಒಂದು ವಾಂತಿಯಾದರೂ ಆಗಲಿ ಎಂದು ನಾನು ಮನಸಾರೆ ಹರಸುತ್ತಿದ್ದೆ.

ಅಷ್ಟರಲ್ಲಿ ಸಬ್‌ಸ್ಟೇಷನ್ನಿನಿಂದ ನನಗೆ ಫೋನ್ ಬಂತು. ಸ್ಪೀಕರ್ ಹಾಕಿದೆ. “ಲೈನ್ ಕ್ಲಿಯರ್ ಆತ್ರಿ ಮೇಡಂ.” ನಮ್ಮ ಕಸುಬಿನಲ್ಲಿ ಇದಕ್ಕೆ ಒಂದೇ ಅರ್ಥ: ಕರೆಂಟ್ ತೆಗೆದಾಗಿದೆ, ಕಂಬ ಹತ್ತಿ ಕೆಲಸ ಮಾಡಬಹುದು. ಸಂಪರ್ಕಾಧಿಕಾರಿ ಕೇಳಿಸಿಕೊಂಡ ಆ ಎರಡು ಶಬ್ದಗಳನ್ನು ಹಾಗೆಯೇ ಪೈಲಟ್‌ಗೆ ದಾಟಿಸಿದರು. ಪೈಲಟ್ ನಕ್ಷೆಯಲ್ಲಿ ಆ ತಂತಿಯನ್ನು ನೋಡಿದ್ದರು, ಅದು ಬರುವುದನ್ನೇ ಕಾಯುತ್ತಿದ್ದರು. ‘ಲೈನ್ ಕ್ಲಿಯರ್’ ಎಂದೊಡನೆ ಅದನ್ನು ದಾಟಿಯಾಯಿತು ಎಂದುಕೊಂಡು ವೀರೇಶನ ಕಡೆ ತಿರುಗಿ “ಕ್ಲಿಯರ್?” ಎಂದರಂತೆ. ಇವನು ನಮ್ಮ ಕಸುಬಿನವನು ನೋಡಿ, ಕರೆಂಟ್ ಹೋಯಿತಲ್ಲ ಎಂದು ಹೆಬ್ಬೆರಳು ಎತ್ತಿ ತೋರಿಸಿದ.

ಹೆಲಿಕಾಪ್ಟರ್ ಕಣಿವೆಯೊಳಗೆ ಇಳಿಯತೊಡಗಿತು. ವೈರ್‌ಲೆಸ್ಸಿನಲ್ಲಿ ಪೈಲಟ್ “ಕ್ಲಿಯರ್, ಗೋಯಿಂಗ್ ಡೌನ್” ಎಂದದ್ದು ಕಿವಿಗೆ ಬಿತ್ತು. ಅಯ್ಯೋ ಶಿವನೇ! ಕರೆಂಟ್ ತೆಗೆದರೆ ತಂತಿ ಎಲ್ಲಿಗೆ ಹೋಗುತ್ತದೆ? ಕಂಬ ಹತ್ತುವವನನ್ನು ಕೊಲ್ಲುವುದು ಕರೆಂಟ್, ಹಾರುವವನನ್ನು ಕೊಲ್ಲುವುದು ತಂತಿ. ವೈರ್‌ಲೆಸ್ ಕಿತ್ತುಕೊಂಡು ಒದರಿದೆ: “ವಾಯರ್ ಐತಿ! ವಾಯರ್! ಅಪ್, ಅಪ್! ಮ್ಯಾಲ ಎತ್ರೋ ಅದನ್ನ!”

ಹೆಲಿಕಾಪ್ಟರ್ ಮೂತಿ ಎತ್ತಿತು. ತೂಗುವ ಬಳೆ ತಂತಿಯ ಮೇಲೆ ಹಾದುಹೋಯಿತು. ನಡುವೆ ಒಂದಾಳಿನ ಎತ್ತರದಷ್ಟೂ ಜಾಗವಿರಲಿಲ್ಲ. ಕಿತ್ತುಕೊಂಡದ್ದನ್ನು ಸಂಪರ್ಕಾಧಿಕಾರಿಯ ಕೈಗೆ ಮರಳಿಸಿದೆ. ಸ್ವಲ್ಪ ಮೊದಲು ನಾನು ಹರಸಿದ್ದು ನೆನಪಾಗಿ ನಾಚಿಕೆಯಾಯಿತು.

ಆ ನಾಚಿಕೆ ಸಂಜೆಯವರೆಗೂ ಉಳಿಯಲಿಲ್ಲ ಬಿಡಿ. ಹೆಲಿಕಾಪ್ಟರ್ ಇಳಿದಿದ್ದ ಮೈದಾನಕ್ಕೆ ಹೋಗಿ ನೋಡಿದರೆ ಜನ ವೀರೇಶನ ಸುತ್ತ ಮುತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನು ಸುಳ್ಳು ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಎಲ್ಲರ ಮುಂದೆ, “ಅಕ್ಕಾರು ಒದರಲಿಲ್ಲಂದ್ರ ನಾ ಇವತ್ತ ಹೆಣ ಆಗ್ತಿದ್ನಿ,” ಎಂದು ನನ್ನ ಕಾಲು ಮುಟ್ಟಿದ. ಕೂಡಲೇ ಜನ, “ಎಂಥಾ ದೊಡ್ಡ ಮನಸ್ಸಲೇ ಇವಂದು!” ಎಂದರು. ಒದರಿದವಳು ನಾನು, ದೊಡ್ಡ ಮನಸ್ಸು ಅವನದು!

ಅರ್ಧಕ್ಕೆ ಬಿಟ್ಟ ಆ ಕಣಿವೆಯ ಮೇಲೆ ಮರುದಿನ ಮತ್ತೆ ಹಾರಬೇಕಿತ್ತು. ಅವನೇ ಸಾಹೇಬರಿಗೆ ಹೇಳಿ ಸೀಟು ಬಿಟ್ಟುಕೊಟ್ಟ. “ಲೈನ್ ನಿಮ್ಮದ್ರಿ ಅಕ್ಕಾರ, ನೀವ ಕುಂಡ್ರಿ.” ಭಿಕ್ಷೆ ಹಾಕಿದಂತೆ ಅನಿಸಿತು. ಆದರೂ ಹತ್ತಿ ಕುಳಿತೆ, ಬಿಡುತ್ತೇನೆಯೇ?

ಮೇಲಿನಿಂದ ನೋಡಿದರೆ, ನಾನೇ ಎಳೆಸಿದ ತಂತಿ ನನಗೇ ಕಾಣಲಿಲ್ಲ. ಕೆಳಗಿನ ಒಣಹುಲ್ಲಿನ ಬಣ್ಣದಲ್ಲಿ ಕರಗಿಹೋಗಿತ್ತು. ಕಂಬಗಳೂ ಗಿಡಗಂಟಿಗಳ ಮರೆಯಲ್ಲಿದ್ದವು. ಹಾರುವವರು ತಂತಿ ಹುಡುಕಬಾರದು, ಕಂಬ ಹುಡುಕಬೇಕು. ಎರಡು ಕಂಬ ಕಂಡರೆ ನಡುವೆ ತಂತಿ ಇದ್ದೇ ಇದೆ ಎಂದು ನಂಬಬೇಕು. ಇದನ್ನು ಕಲಿತದ್ದು ಅಲ್ಲಿ, ಕೈಯಲ್ಲಿ ಬೆಲ್ಟ್ ಹಿಡಿದು, ಕೆಳಗಿನವರ ಒಂದು ಮಾತಿಗೆ ಜೀವ ಒಪ್ಪಿಸಿ ಕುಳಿತಾಗ. ಆ ಮಾತು ಹೇಳಲು ವೈರ್‌ಲೆಸ್ ಹಿಡಿದು ಕೆಳಗೆ ನಿಂತಿದ್ದವನು ವೀರೇಶ.

ಕಿವಿಯ ಹೆಡ್‌ಫೋನಿನಲ್ಲಿ ಅವನ ದನಿ ಬಂತು: “ಅಕ್ಕಾರ, ಕರೆಂಟ್ ತಗದೀವ್ರಿ. ತಂತಿ ಮಾತ್ರ ಅಲ್ಲೇ ಐತಿ, ಇನ್ನೂ ನಿಮ್ಮ ಮುಂದ ಐತಿ.” ಪೈಲಟ್‌ಗೂ ಅದನ್ನೇ ಹಿಂದಿಯಲ್ಲಿ ಬಿಡಿಸಿ ಹೇಳಿದ. ಪೈಲಟ್ ತಲೆಯಾಡಿಸಿ ಹೆಲಿಕಾಪ್ಟರ್ ಮೇಲಕ್ಕೆತ್ತಿದರು.

ಸರ್ವಿಸ್ ಪೂರ್ತಿ ‘ಲೈನ್ ಕ್ಲಿಯರ್’ ಅನ್ನುತ್ತಲೇ ಬಂದವಳು ನಾನು. ಇಷ್ಟು ಸ್ಪಷ್ಟವಾದ ಮಾತು ನನಗೆ ಹೊಳೆದಿರಲಿಲ್ಲ. ಅದನ್ನೂ ಅವನೇ ಮೊದಲು ಹೇಳಬೇಕಿತ್ತೇ, ಹಾಳಾದವನು!