ಬಚ್ಚಲ ಪಕ್ಕದ ಬುಡ್ಡಿಗಿಡ

ಮೋಕಾ ಊರಿನ ಮೆಣಸಿನಕಾಯಿ ಹೊಲಗಳಲ್ಲಿ ಕಳೆ ತೆಗೆಯುವ ಹುಲಿಗೆಮ್ಮನಿಗೆ, ಸಿಕ್ಕಿದ ಬುಡ್ಡಿಹಣ್ಣೆಲ್ಲ ಒಂದೇ ಎಂದು ಬಾಯಿಗೆ ಹಾಕಿಕೊಳ್ಳುವವರನ್ನು ಕಂಡರೆ ಆಗುವುದಿಲ್ಲ. “ಗಿಡ ಮುಟ್ಟಿ ನೋಡಾಕ ಏನ್ ರೋಗ ನಿಮಗ?” ಎಂದು ಬೈಯುತ್ತಾಳೆ. ಹೊಲದಲ್ಲಿ ಕಳೆಯಾಗಿ ಏಳುವ ಬುಡ್ಡಿಗಿಡದಲ್ಲಿ ಎರಡು ಜಾತಿ; ಒಣಗಿದ ಸಿಪ್ಪೆಯೊಳಗಿನ ಹಣ್ಣುಗಳು ನೋಡಲು ಒಂದೇ ಥರ. ಆದರೆ ಗಿಡದ ದಂಟು ನುಣ್ಣಗಿದ್ದರೆ ಹಣ್ಣು ಸಿಹಿ, ದಂಟಿನ ಮೇಲೆ ಮೆತ್ತನೆಯ ಕೂದಲಿದ್ದರೆ ಹುಳಿ. ಸಿಹಿ ಅವಳಿಗೆ ಇಷ್ಟ, ಹುಳಿ ಅವಳ ಜೊತೆಗಾತಿ ಖಾಜಾಬಿಗೆ. ಪಕ್ಕಪಕ್ಕದ ಸಾಲಿನಲ್ಲಿ ಕೂತು ಕಳೆ ಕೀಳುತ್ತಲೇ ಇಬ್ಬರಿಗೂ ವಯಸ್ಸಾಗಿತ್ತು. ಒಬ್ಬಳ ಇಷ್ಟದ ಹಣ್ಣು ಇನ್ನೊಬ್ಬಳ ಕೈಗೆ ಸಿಕ್ಕರೆ ಸೆರಗಿಗೆ ಗಂಟು ಹಾಕಿಟ್ಟುಕೊಂಡು ತಂದುಕೊಡುವುದು ಅವರ ವಾಡಿಕೆಯಾಗಿತ್ತು.

ಹೋದ ವರ್ಷ ದಸರೆಗೆ ಮುಂಚೆ ಒಂದು ದಿನ ಹುಲಿಗೆಮ್ಮ ಜ್ವರ ಬಂದು ಹೊಲಕ್ಕೆ ಹೋಗಲಿಲ್ಲ. ಅಂದು ಕೆಲಸ ಮುಗಿಸಿ ಮನೆಗೆ ಬಂದ ಖಾಜಾಬಿ ಬಚ್ಚಲ ಬಳಿ ಕಾಲು ತೊಳೆಯುತ್ತಿದ್ದವಳು ಕುಸಿದು ಬಿದ್ದಳು. ಮತ್ತೆ ಏಳಲಿಲ್ಲ. ಅವಳ ಸೆರಗಿನ ಗಂಟು ಬಿಚ್ಚಿಹೋಗಿದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ.

ಈ ಮಳೆಗಾಲದಲ್ಲಿ ಅದೇ ಬಚ್ಚಲ ಪಕ್ಕ ಒಂದು ಬುಡ್ಡಿಗಿಡ ಎದ್ದಿತು. ಖಾಜಾಬಿಯ ಸೊಸೆ ಪರ್ವೀನ್ ಹುಲಿಗೆಮ್ಮನನ್ನು ಕರೆದು ತೋರಿಸಿದಳು.

“ನಮ್ಮತ್ತಿ ಆಸಿ ಪಟ್ಟು ತಿಂತಿದ್ದ ಹಣ್ಣು ಇದು. ಅದಕ್ಕ ಕಿತ್ತಿಲ್ಲವ್ವಾ.”

ಹುಲಿಗೆಮ್ಮ ಕೂತು, ದಂಟನ್ನು ಬುಡದಿಂದ ತುದಿಯವರೆಗೆ ಬೆರಳಿನಿಂದ ಸವರಿದಳು. ಎಲ್ಲೂ ಕೂದಲಿರಲಿಲ್ಲ. ಮತ್ತೊಮ್ಮೆ ಸವರಿದಳು.

“ಇದು ನಿಮ್ಮತ್ತಿ ಹಣ್ಣಲ್ಲ,” ಎಂದಳು. “ನನಗಂತ ಕಟ್ಕೊಂಡು ಬಂದಿದ್ಲು.”